ಒಂದೇ ನದಿ, ಎರಡು ಊರು: ಮಕ್ಕಳಿಗೆ ಭೂಗೋಳ ಕಲಿಸುವ ಬಗೆ

“ಗೋದಾವರಿ ನದಿ ಎಲ್ಲಿ ಹುಟ್ಟುತ್ತದೆ?” ಎಂದು ನಾಸಿಕದ ಆರನೆಯ ತರಗತಿಯ ಹುಡುಗನನ್ನು ಕೇಳಿದರೆ ಅವನು ತಡವರಿಸದೆ “ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ” ಎಂದು ಉತ್ತರ ಕೊಡುತ್ತಾನೆ. “ಎಷ್ಟು ಉದ್ದ?” “1,465 ಕಿಲೋಮೀಟರು.” “ಎಲ್ಲಿ ಸಮುದ್ರ ಸೇರುತ್ತದೆ?” “ಬಂಗಾಲ ಉಪಸಾಗರದಲ್ಲಿ.” ಮೂರಕ್ಕೆ ಮೂರು ಅಂಕ. ಅದೇ ಹುಡುಗನನ್ನು “ಈ ದಿನ ಬೆಳಿಗ್ಗೆ ನೀನು ಕುಡಿದ ನೀರು ಎಲ್ಲಿಂದ ಬಂತು?” ಎಂದು ಕೇಳಬೇಕು. “ನಲ್ಲಿಯಿಂದ” ಎನ್ನುತ್ತಾನೆ. ಇನ್ನೂ ಕೆದಕಿದರೆ, “ಮಾಳಿಗೆಯ ಮೇಲಿನ ಟಾಕಿಯಿಂದ” ಎನ್ನುತ್ತಾನೆ. ಅಲ್ಲಿಗೆ ಅವನ ಭೂಗೋಳ ಮುಗಿಯುತ್ತದೆ. ಊರಿನ ಮೇಲ್ಗಡೆಯಿರುವ ಗಂಗಾಪುರ ಜಲಾಶಯದಿಂದ, ಅಂದರೆ ತಾನು ಈಗತಾನೆ ಬಾಯಿಪಾಠ ಒಪ್ಪಿಸಿದ ಅದೇ ಗೋದಾವರಿಯಿಂದ ತನ್ನ ಲೋಟದ ನೀರು ಬಂದಿದೆಯೆಂಬುದು ಅವನಿಗೆ ಹೊಳೆಯುವುದಿಲ್ಲ.

ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ಭೂಗೋಳವೆಂದರೆ ಹೆಸರುಗಳ ಪಟ್ಟಿಯೆಂದೂ, ನಕಾಶೆಯೆಂದರೆ ಪರೀಕ್ಷೆಯಲ್ಲಿ ಚುಕ್ಕೆಯಿಟ್ಟು ತುಂಬಬೇಕಾದ ಕಾಗದವೆಂದೂ ದೊಡ್ಡವರೇ ಅವನಿಗೆ ತಿಳಿಸಿಕೊಟ್ಟಿದ್ದಾರೆ. ಗಣಿತಕ್ಕೆ ಮನೆಪಾಠ ಉಂಟು, ವಿಜ್ಞಾನಕ್ಕೆ ಉಂಟು; ಭೂಗೋಳಕ್ಕೆ ಪರೀಕ್ಷೆಯ ಹಿಂದಿನ ರಾತ್ರಿಯೇ ಸಾಕು ಎಂಬ ಭಾವನೆ ಪಾಲಕರಲ್ಲಿಯೂ ಬೇರೂರಿದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಪಿಡುಗಿನ ಕಾರಣ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆಗಳು ನಡುವೆಯೇ ನಿಂತಾಗ ಉಳಿದುಹೋಗಿದ್ದ ಮುಖ್ಯ ಪತ್ರಿಕೆ ಭೂಗೋಳದ್ದು. ಅದನ್ನು ಕಡೆಗೆ ರದ್ದುಪಡಿಸಿ, ಮಿಕ್ಕ ವಿಷಯಗಳ ಸರಾಸರಿಯ ಮೇಲೆ ಅಂಕಗಳನ್ನು ಕೊಡಲಾಯಿತು. ಅಂದಿನ ಸ್ಥಿತಿಯಲ್ಲಿ ಅದು ಅನಿವಾರ್ಯವೇ ಆಗಿತ್ತು. ಆದರೆ ಆ ಸುದ್ದಿ ಕೇಳಿ ಎಷ್ಟು ಮನೆಗಳಲ್ಲಿ ನಿಟ್ಟುಸಿರು ಬಿಟ್ಟಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೂ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ವಯಸ್ಸು, ಅಂದರೆ ಹನ್ನೊಂದರಿಂದ ಹದಿನಾಲ್ಕು, ಈ ವಿಷಯಕ್ಕೆ ಹೇಳಿ ಮಾಡಿಸಿದಂಥದು. ತೀರ ಚಿಕ್ಕ ಮಗುವಿಗೆ ತಾನು ನಿಂತಲ್ಲಿಂದ ಕಾಣುವುದೇ ಜಗತ್ತು. ಎದುರಿನ ಗುಡ್ಡ ಆಚೆಯ ಊರಿನವನ ಕಣ್ಣಿಗೆ ಹೇಗೆ ಕಾಣುತ್ತದೆಂದು ಕೇಳಿದರೆ ಅದು ತನ್ನ ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮತ್ತು ಅವರ ಸಹೋದ್ಯೋಗಿ ಬಾರ್ಬೆಲ್ ಇನ್ಹೆಲ್ಡರ್ ಮೂರು ಬೆಟ್ಟಗಳ ಮಾದರಿಯೊಂದನ್ನು ಮೇಜಿನ ಮೇಲಿಟ್ಟು ಇದನ್ನೇ ಪರೀಕ್ಷಿಸಿ ನೋಡಿದ್ದರು. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಈ ಅಡ್ಡಿ ಕಳಚುತ್ತ ಬರುತ್ತದೆ. ಇನ್ನೊಬ್ಬನು ನಿಂತ ಸ್ಥಳದಿಂದ ನೋಡುವ ಶಕ್ತಿ ಮೂಡುತ್ತದೆ. ನಕಾಶೆ ಓದುವುದೆಂದರೂ ಇದೇ ಶಕ್ತಿಯ ಅಭ್ಯಾಸ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ಮಕ್ಕಳಿಗಂತೂ ಈ ಅಭ್ಯಾಸದ ಅಗತ್ಯ ಹೆಚ್ಚು. ಏಕೆಂದರೆ ಒಂದು ಊರು ನದಿಯ ಮೇಲ್ದಂಡೆಯದು, ಇನ್ನೊಂದು ಕೆಳಗಿನ ಜಲಾಶಯವನ್ನು ನಂಬಿದ್ದು. ಇವೆರಡರ ನಡುವೆ ನೀರಿನ ವಿಚಾರದಲ್ಲಿ ಬಹುಕಾಲದಿಂದ ಎಳೆದಾಟ ನಡೆದಿದೆ.

ಘಟ್ಟದ ನೆರಳು

ಪಾಠವನ್ನು ಒಂದು ಒಗಟಿನಿಂದ ಆರಂಭಿಸಬಹುದು. ತ್ರ್ಯಂಬಕೇಶ್ವರದಿಂದ ಅರಬ್ಬೀ ಸಮುದ್ರಕ್ಕೆ ಸುಮಾರು 80 ಕಿ.ಮೀ. ದೂರ. ಹತ್ತಿರದ ಕಡಲನ್ನು ಬಿಟ್ಟು ಗೋದಾವರಿಯು 1,465 ಕಿ.ಮೀ. ನಡೆದು ಇಡೀ ದೇಶವನ್ನು ದಾಟಿ ಪೂರ್ವದ ಕಡಲನ್ನು ಸೇರುವುದೇಕೆ? ಹುಡುಗರ ಉತ್ತರಗಳು ಸ್ವಾರಸ್ಯವಾಗಿರುತ್ತವೆ. ಗೋಡೆಯ ಮೇಲೆ ತೂಗುಹಾಕಿದ ನಕಾಶೆಯಲ್ಲಿ ಉತ್ತರ ಮೇಲಿದೆ, ದಕ್ಷಿಣ ಕೆಳಗಿದೆ. ಆದ್ದರಿಂದ ನದಿಗಳೆಲ್ಲ ಉತ್ತರದಿಂದ ದಕ್ಷಿಣಕ್ಕೇ ಹರಿಯಬೇಕೆಂದು ಅನೇಕರು ನಂಬಿರುತ್ತಾರೆ. ನಕಾಶೆಯನ್ನು ಗೋಡೆಯಿಂದ ತೆಗೆದು ನೆಲದ ಮೇಲೆ ಹಾಸಿ, ದಿಕ್ಕಿಗೆ ಸರಿಯಾಗಿ ತಿರುಗಿಸಿಟ್ಟರೆ ಈ ತಪ್ಪು ತಿಳಿವಳಿಕೆ ಅರ್ಧ ಕರಗುತ್ತದೆ. ಉಳಿದರ್ಧಕ್ಕೆ ಒಂದು ಊಟದ ತಟ್ಟೆ ಸಾಕು. ತಟ್ಟೆಯ ಪಡುವಣ ಅಂಚಿಗೆ ಒಂದು ಪುಸ್ತಕವನ್ನು ಆಸರೆ ಕೊಟ್ಟು ತುಸು ಎತ್ತರಿಸಿ ನೀರು ಹನಿಸಿದರೆ, ಹತ್ತಿರದ ಅಂಚನ್ನು ಬಿಟ್ಟು ನೀರು ದೂರದ ಅಂಚಿಗೆ ಓಡುತ್ತದೆ. ದಖ್ಖನ್ ಪ್ರಸ್ಥಭೂಮಿ ಹಾಗೆ ಪೂರ್ವಕ್ಕೆ ವಾಲಿದ ತಟ್ಟೆ. ಕೃಷ್ಣೆ, ಭೀಮೆ, ತುಂಗಭದ್ರೆ, ಕಾವೇರಿಗಳೆಲ್ಲ ಇದೇ ವಾಲಿಗೆ ಒಳಪಟ್ಟವು.

ಎತ್ತಿದ ಅಂಚೇ ಸಹ್ಯಾದ್ರಿ. ಅದರ ನೆತ್ತಿಯ ಮೇಲಿರುವ ಇಗತ್‌ಪುರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅಲ್ಲಿಂದ ರೈಲಿನಲ್ಲಿ ಒಂದು ತಾಸಿನ ಹಾದಿಯಲ್ಲಿರುವ ನಾಸಿಕದಲ್ಲಿ ಅದು ಸುಮಾರು 700 ಮಿಲಿಮೀಟರಿಗೆ ಇಳಿಯುತ್ತದೆ. ಇನ್ನೂ ಪೂರ್ವಕ್ಕೆ, ಯೇವಲಾದ ಕಡೆಗೆ ಹೋದರೆ ಮತ್ತಷ್ಟು ಕಡಿಮೆ. ಕಡಲಿನಿಂದ ಬಂದ ಮೋಡ ಘಟ್ಟವನ್ನೇರುವಾಗ ತಂಪಾಗಿ, ಹೊತ್ತ ನೀರನ್ನು ಅಲ್ಲಿಯೇ ಸುರಿಸಿ, ಬರಿಗೈಯಲ್ಲಿ ಕೆಳಗಿಳಿಯುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಮಳೆನೆರಳಿನ ಪ್ರದೇಶವೆಂದು ಹೆಸರು. ಮರಾಠಿಯಲ್ಲಿ ಇದನ್ನು ‘ಪರ್ಜನ್ಯಛಾಯೆ’ ಎನ್ನುತ್ತಾರೆ. ಹೆಸರು ಕಲಿತರೆ ಒಂದು ಅಂಕ. ಆದರೆ ಮುಂಬಯಿಯಿಂದ ನಾಸಿಕಕ್ಕೆ ಮಳೆಗಾಲದಲ್ಲಿ ರೈಲಿನಲ್ಲಿ ಬರುವ ಮಗುವಿಗೆ ಕಿಟಕಿಯ ಬಳಿ ಜಾಗ ಕೊಟ್ಟು, ಕಸಾರಾ ಘಟ್ಟದಲ್ಲಿ ಸುರಿಯುವ ಮಳೆ ಎಲ್ಲಿ ನಿಂತಿತೆಂಬುದನ್ನು ನಿಲ್ದಾಣದ ಹೆಸರಿನೊಡನೆ ಬರೆದುಕೊಳ್ಳಲು ಹೇಳಿದರೆ, ಆ ನೆರಳು ಎಲ್ಲಿ ಬಿದ್ದಿದೆಯೆಂದು ಅದು ಕಣ್ಣಾರೆ ಕಾಣುತ್ತದೆ.

ಇಲ್ಲಿ ಕನ್ನಡ ಮನೆಗಳ ಮಕ್ಕಳಿಗೆ ಒಂದು ಅನುಕೂಲವಿದೆ; ಅದನ್ನು ಪಾಲಕರು ಗಮನಿಸಿದಂತಿಲ್ಲ. ಈ ಎರಡು ನಗರಗಳಲ್ಲಿ ಈ ಮಕ್ಕಳು ಸಾಮಾನ್ಯವಾಗಿ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಪುಣೆಯಲ್ಲಿ 1967ರಲ್ಲಿ ಸ್ಥಾಪಿತವಾದ ‘ಬಾಲಭಾರತಿ’ ಸಂಸ್ಥೆ ಮಹಾರಾಷ್ಟ್ರದ ಶಾಲೆಗಳಿಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಮಾಡುತ್ತ ಬಂದಿದ್ದರೂ, ಅವುಗಳ ಉಪಯೋಗ ಹೆಚ್ಚಾಗಿ ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಕಡೆಗೆ. ಆದುದರಿಂದ ಇಲ್ಲಿನ ಮಗುವಿಗೆ ಶಾಲೆಯ ಭೂಗೋಳ ಪರಭಾಷೆಯ ಪದಗಳಲ್ಲಿ ಬರುತ್ತದೆ. ಆದರೆ ಮನೆಯ ಮಾತಿನಲ್ಲಿ ಭೂಗೋಳ ಆಗಲೇ ತುಂಬಿಕೊಂಡಿದೆ. ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ಮೂರು ಮಾತುಗಳಲ್ಲಿ ಕಡಲು, ಘಟ್ಟ, ಮಳೆನೆರಳು ಮೂರೂ ಅಡಗಿವೆ. ಇವನ್ನೇ ಮರಾಠಿಯವರು ಕೊಂಕಣ, ಘಾಟಮಾಥಾ, ದೇಶ ಎನ್ನುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ವಿಜಯಪುರದಲ್ಲಿ 600ರ ಆಸುಪಾಸು. ಇಗತ್‌ಪುರಿ ಮತ್ತು ಯೇವಲಾಗಳ ಕಥೆಯೂ ಇದೇ, ಗೋಡೆಯೂ ಒಂದೇ. ಅಜ್ಜಿ “ಮೃಗಶಿರಾ ಮಳೆ ಕೂಡಿತು” ಎಂದು ಹೇಳುವ ದಿನವೇ ನೆರೆಯ ಮರಾಠಿ ಆಜಿಯೂ “ಮೃಗ ನಕ್ಷತ್ರ ಲಾಗಲೆ” ಎನ್ನುತ್ತಾಳೆ. ಪಂಚಾಂಗದ ಆ ದಿನ ಜೂನ್ 7 ಅಥವಾ 8. ಮನೆಯ ಮಾತನ್ನೂ ಶಾಲೆಯ ಮಾತನ್ನೂ ಎದುರುಬದುರು ಬರೆದ ಒಂದು ಪುಟ್ಟ ಪುಸ್ತಕವನ್ನು ಮಗು ತಾನೇ ಮಾಡಿಕೊಂಡರೆ ಪಾರಿಭಾಷಿಕ ಶಬ್ದಗಳ ಭಯ ಕಡಿಮೆಯಾಗುತ್ತದೆ. ‘ಘಾಟ್’ ಎಂಬ ಒಂದೇ ಮಾತು ನಾಸಿಕದಲ್ಲಿ ನದಿಯ ಮೆಟ್ಟಿಲಿಗೂ ಬೆಟ್ಟದ ಕಣಿವೆದಾರಿಗೂ ಸಲ್ಲುವುದರಿಂದ ಹುಡುಗರಿಗೆ ಆಗುವ ಗೊಂದಲವೂ ಅಲ್ಲಿಯೇ ಬಗೆಹರಿದೀತು.

ನೀರು ಇಳಿಯುವ ದಾರಿ

ಗೋದಾವರಿಯ ನೆರೆಯನ್ನು ಅಳೆಯಲು ನಾಸಿಕದ ಜನರಿಗೆ ಯಾವ ಉಪಕರಣವೂ ಬೇಕಿಲ್ಲ. ನದಿಯ ಪಾತ್ರದಲ್ಲಿ ‘ದುತೋಂಡ್ಯಾ ಮಾರುತಿ’, ಅಂದರೆ ಎರಡು ಮುಖದ ಹನುಮಂತನ ದೊಡ್ಡ ವಿಗ್ರಹವಿದೆ. ನೀರು ಅವನ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು ಎಂದು ಊರೆಲ್ಲ ಮಾತನಾಡಿಕೊಳ್ಳುತ್ತದೆ. ಜಲಮಾಪಕವೆಂದರೇನೆಂದು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಕ್ಕಲಾರದು. ಮಳೆಗಾಲದಲ್ಲಿ ಗಂಗಾಪುರ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬುದು ದಿನಪತ್ರಿಕೆಯಲ್ಲಿ ಬರುತ್ತದೆ. ಆ ಅಂಕಿಯನ್ನು ಒಂದು ಸಾಲಿನಲ್ಲಿಯೂ, ಮಾರುತಿಯ ಮೈಮೇಲೆ ನೀರು ಮುಟ್ಟಿದ ಎತ್ತರವನ್ನು ಇನ್ನೊಂದು ಸಾಲಿನಲ್ಲಿಯೂ ತರಗತಿಯ ಹುಡುಗರು ಒಂದು ತಿಂಗಳು ಬರೆದಿಟ್ಟರೆ ನದಿಯ ನಡವಳಿಕೆ ಅವರ ಕೈಗೆ ಸಿಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಸುಮಾರು 11,600 ಕ್ಯೂಸೆಕ್ ನೀರು ಹಗಲಿರುಳು ಒಂದು ದಿನ ಹರಿದರೆ ಒಂದು ಟಿ.ಎಂ.ಸಿ., ಅಂದರೆ ನೂರು ಕೋಟಿ ಘನ ಅಡಿ. ಪತ್ರಿಕೆಗಳು ದಿನವೂ ಉಪಯೋಗಿಸುವ ಈ ಅಳತೆಗಳ ಅರ್ಥ ದೊಡ್ಡವರಿಗೂ ತಿಳಿದಿರುವುದಿಲ್ಲ. ಏಳನೆಯ ತರಗತಿಯ ಗಣಿತ ಬಲ್ಲ ಹುಡುಗಿ ಅದನ್ನು ತಂದೆಗೆ ಬಿಡಿಸಿ ಹೇಳಬಲ್ಲಳು.

ಆ ನೀರು ನಿಫಾಡ ತಾಲೂಕಿನ ನಾಂದೂರ ಮಧಮೇಶ್ವರದ ಒಡ್ಡನ್ನು ದಾಟುತ್ತದೆ. ಹಕ್ಕಿಗಳ ನೆಲೆಯಾದ ಈ ಸ್ಥಳ 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆನಿಸಿತು. ಇಕ್ಕೆಲಗಳಲ್ಲಿ ದ್ರಾಕ್ಷಿಯ ಚಪ್ಪರಗಳು, ಈರುಳ್ಳಿಯ ಹೊಲಗಳು. ಹತ್ತಿರದಲ್ಲಿಯೇ ಲಾಸಲಗಾಂವದ ಪ್ರಸಿದ್ಧ ಈರುಳ್ಳಿ ಪೇಟೆ. ಮುಂದೆ ನದಿ ಪೈಠಣವನ್ನು ಮುಟ್ಟುತ್ತದೆ. ಶಾತವಾಹನರ ಪ್ರತಿಷ್ಠಾನವೇ ಈ ಪೈಠಣ. ಸಂತ ಏಕನಾಥರ ಊರೂ ಹೌದು. ಅಲ್ಲಿಯೇ ಜಾಯಕವಾಡಿ ಅಣೆಕಟ್ಟು. ಅದಕ್ಕೆ 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 1976ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಸುಮಾರು ಹತ್ತು ಕಿಲೋಮೀಟರು ಉದ್ದದ ಮಣ್ಣಿನ ಏರಿ, ಇಪ್ಪತ್ತೇಳು ಬಾಗಿಲುಗಳು, ‘ನಾಥಸಾಗರ’ವೆಂಬ ಹೆಸರು. ಇದಕ್ಕಾಗಿ ನೂರಕ್ಕೂ ಮಿಕ್ಕಿ ಹಳ್ಳಿಗಳ ಜನ ನೆಲೆ ಬಿಡಬೇಕಾಯಿತು. ಈ ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬಾಗಲಕೋಟೆಯ ಬಂಧುಗಳಿರುವ ಮನೆಗಳಲ್ಲಿ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಈ ಜಲಾಶಯದಲ್ಲಿ ಒಂದು ಸರಳ ಲೆಕ್ಕ ಅಡಗಿದೆ. ಅದರ ಒಟ್ಟು ಧಾರಣಶಕ್ತಿ ಸುಮಾರು 2,909 ದಶಲಕ್ಷ ಘನ ಮೀಟರು. ತುಂಬಿದಾಗ ನೀರು ಹರಡುವ ವಿಸ್ತಾರ ಸುಮಾರು 350 ಚದರ ಕಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸರಾಸರಿ ಆಳ ಎಂಟು ಮೀಟರಿಗಿಂತ ತುಸು ಹೆಚ್ಚು. ಸಮುದ್ರದಂತೆ ಕಾಣುವ ನೀರಿಗೆ ಮೂರು ಅಂತಸ್ತಿನ ಮನೆಯಷ್ಟೂ ಆಳವಿಲ್ಲ! ಇದರ ಪರಿಣಾಮವೇನು? ಒಂದೇ ಅಳತೆಯ ನೀರನ್ನು ಒಂದು ಅಗಲವಾದ ಪರಾತದಲ್ಲಿಯೂ ಒಂದು ಕಿರುಬಾಯಿಯ ತಂಬಿಗೆಯಲ್ಲಿಯೂ ಹಾಕಿ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಾಲ್ಕು ದಿನ ಇಟ್ಟು ನೋಡಬೇಕು. ಪರಾತ ಒಣಗುತ್ತದೆ, ತಂಬಿಗೆಯಲ್ಲಿ ನೀರು ಉಳಿದಿರುತ್ತದೆ. ಮರಾಠವಾಡದ ಬೇಸಗೆಯಲ್ಲಿ ನಾಥಸಾಗರದ ನೀರು ಆವಿಯಾಗಿ ಏಕೆ ಅಷ್ಟು ಬೇಗ ಕುಗ್ಗುತ್ತದೆಂಬುದನ್ನು ಅಡಿಗೆಮನೆಯ ಈ ಎರಡು ಪಾತ್ರೆಗಳು ಹೇಳುತ್ತವೆ.

ಸಂಭಾಜಿನಗರದ ಮಗುವಿಗೆ ಇನ್ನೂ ಒಂದು ಪ್ರಶ್ನೆ ಉಂಟು. ಜಾಯಕವಾಡಿಯ ತುಂಬು ಮಟ್ಟ ಸಮುದ್ರ ಮಟ್ಟದಿಂದ ಸುಮಾರು 464 ಮೀಟರು; ನಗರವಿರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ಅಂದರೆ ಬ್ರಹ್ಮಗಿರಿಯಿಂದ ತಾನಾಗಿಯೇ ಇಳಿದು ಬಂದ ನೀರನ್ನು ಪೈಠಣದಿಂದ ಸುಮಾರು 50 ಕಿ.ಮೀ. ದೂರ ಕೊಳವೆಯಲ್ಲಿ ತಳ್ಳಿ, ನೂರು ಮೀಟರಿನಷ್ಟು ಮೇಲೆತ್ತಬೇಕು. ವಿದ್ಯುತ್ತು ಕೈಕೊಟ್ಟರೆ ನಲ್ಲಿ ಒಣಗುತ್ತದೆ. ಕಳೆದ ದಶಕದಲ್ಲಿ ನಗರದ ಅನೇಕ ಬಡಾವಣೆಗಳ ಗೃಹಿಣಿಯರು ಹಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ಗಡಿಯಾರ ನೋಡುತ್ತ ಕಾದದ್ದಕ್ಕೆ ಹಲವು ಕಾರಣಗಳಿದ್ದರೂ, ಈ ನೂರು ಮೀಟರಿನ ಏರಿಕೆಯೂ ಅವುಗಳಲ್ಲಿ ಒಂದು. ಇದೇ ಊರಿನಲ್ಲಿ ಹದಿನೇಳನೆಯ ಶತಮಾನದ ಆರಂಭದಲ್ಲಿ ಮಲಿಕ್ ಅಂಬರನು ‘ನಹರೆ ಅಂಬರಿ’ಯನ್ನು ಕಟ್ಟಿಸಿದನು. ಸುತ್ತಲಿನ ಗುಡ್ಡಗಳ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ತಂದ ಯೋಜನೆ ಅದು. ಪನಚಕ್ಕಿಯ ಬೀಸುವ ಕಲ್ಲು ತಿರುಗಿದ್ದೂ ಗುಡ್ಡದಿಂದ ಮಣ್ಣಿನ ಕೊಳವೆಯಲ್ಲಿ ಇಳಿದು ಬಂದ ನೀರಿನ ಬಲದಿಂದಲೇ. ಬೀದರದ ನೌಬಾದಿನ ಸುರಂಗಬಾವಿಗಳನ್ನು ಕಂಡವರಿಗೆ ಈ ಜಾಣ್ಮೆ ಹೊಸದಲ್ಲ. ಪನಚಕ್ಕಿಗೆ ಶಾಲೆಯ ಪ್ರವಾಸ ವರ್ಷ ವರ್ಷವೂ ಹೋಗುತ್ತದೆ. ಮಕ್ಕಳು ಕೊಳದ ಮೀನುಗಳಿಗೆ ಚುರುಮುರಿ ಹಾಕಿ ಬರುತ್ತಾರೆ. ನೀರು ಯಾವ ಎತ್ತರದಿಂದ ಹೊರಟು ಯಾವ ಎತ್ತರಕ್ಕೆ ಬಂತೆಂದು ಕೇಳುವವರು ಅಪರೂಪ.

ಇಬ್ಬರ ಮಾತೂ ಕೇಳಬೇಕಾದ ಪಾಠ

2005ರ ಮಹಾರಾಷ್ಟ್ರ ಜಲಸಂಪತ್ತಿ ನಿಯಂತ್ರಣ ಪ್ರಾಧಿಕಾರದ ಕಾಯಿದೆಯು ಒಂದು ನದಿಕೊಳ್ಳದ ನೀರನ್ನು ಮೇಲಿನವರೂ ಕೆಳಗಿನವರೂ ನ್ಯಾಯವಾಗಿ ಹಂಚಿಕೊಳ್ಳಬೇಕೆಂಬ ತತ್ತ್ವವನ್ನು ಮುಂದಿಟ್ಟಿತು. 2014ರಲ್ಲಿ ಪ್ರಾಧಿಕಾರವು ನೀಡಿದ ಆದೇಶದ ಪ್ರಕಾರ, ಅಕ್ಟೋಬರ್ ಮಧ್ಯದಲ್ಲಿ ಜಾಯಕವಾಡಿಯ ಉಪಯುಕ್ತ ಸಂಗ್ರಹ ಶೇಕಡ 65ಕ್ಕಿಂತ ಕಡಿಮೆಯಿದ್ದರೆ ಮೇಲಿನ ಜಲಾಶಯಗಳು ನೀರು ಬಿಡಬೇಕು. ಮಳೆ ಕೈಕೊಟ್ಟ 2023ರಲ್ಲಿ ನಾಸಿಕ ಮತ್ತು ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಗಳ ಜಲಾಶಯಗಳಿಂದ 8.6 ಟಿ.ಎಂ.ಸಿ. ನೀರು ಬಿಡಲು ಅಕ್ಟೋಬರ್ ಕೊನೆಯಲ್ಲಿ ಆದೇಶವಾಯಿತು. ಮೇಲೆ ವಿರೋಧ, ಕೆಳಗೆ ಆಗ್ರಹ, ಎರಡೂ ಕಡೆ ಜನ ಬೀದಿಗಿಳಿದರು.

ಇಂಥ ವಿಷಯವನ್ನು ಹನ್ನೆರಡು ವರ್ಷದವರ ತರಗತಿಗೆ ತರಬಹುದೇ ಎಂಬ ಸಂದೇಹ ಬರಬಹುದು. ತರದಿದ್ದರೆ ಅವರು ಅದನ್ನು ಚಹದಂಗಡಿಯಲ್ಲಿ ಕಲಿಯುತ್ತಾರೆ, ಅದೂ ಒಂದೇ ಕಡೆಯಿಂದ. ನಾಸಿಕದ ತರಗತಿಯಲ್ಲಿ ಅರ್ಧ ಹುಡುಗರು ಪೈಠಣದ ಕೆಳಗಿನ ರೈತರಾಗಲಿ; ಸಂಭಾಜಿನಗರದ ತರಗತಿಯಲ್ಲಿ ಅರ್ಧ ಹುಡುಗಿಯರು ದಿಂಡೋರಿಯ ದ್ರಾಕ್ಷಿ ಬೆಳೆಗಾರರಾಗಲಿ. ದ್ರಾಕ್ಷಿ ಬೆಳೆಗಾರನು ಹೇಳುತ್ತಾನೆ: “ಬಳ್ಳಿ ನೆಟ್ಟು ವರುಷಗಟ್ಟಲೆ ಕಾದಿದ್ದೇನೆ, ಒಂದು ಬೇಸಗೆ ನೀರು ತಪ್ಪಿದರೆ ಸಾಲ ತೀರುವುದಿಲ್ಲ. ನದಿಯಲ್ಲಿ ಬಿಟ್ಟ ನೀರಿನಲ್ಲಿ ಒಂದು ಪಾಲು ಒಣಗಿದ ಪಾತ್ರವೇ ಕುಡಿದುಬಿಡುತ್ತದೆ.” ಎರಡೂ ನಿಜ. ಕೆಳಗಿನವನು ಹೇಳುತ್ತಾನೆ: “ನಮ್ಮ ಜಲಾಶಯ ತುಂಬುವುದು ನಿಮ್ಮ ಘಟ್ಟದ ಮಳೆಯಿಂದ. ನಮ್ಮಲ್ಲಿ ಬೀಳುವ ಮಳೆಯಿಂದ ಅದು ತುಂಬುವುದಿಲ್ಲ.” ಇದೂ ನಿಜ. 2019ರ ಆಗಸ್ಟಿನಲ್ಲಿ ನಾಸಿಕದಲ್ಲಿ ಗೋದಾವರಿ ಉಕ್ಕಿದಾಗ ಮರಾಠವಾಡದ ಬಹುಭಾಗ ಮಳೆಯಿಲ್ಲದೆ ಒಣಗಿತ್ತು. ಆದರೂ ಜಾಯಕವಾಡಿ ತುಂಬುತ್ತ ಹೋಯಿತು. ಉಪಾಧ್ಯಾಯರು ಇಲ್ಲಿ ತೀರ್ಪು ಕೊಡಬೇಕಾಗಿಲ್ಲ. ನಕಾಶೆಯನ್ನು ನೆಲದ ಮೇಲೆ ಹಾಸಿ, ಯಾರು ಎಲ್ಲಿ ನಿಂತು ಮಾತನಾಡುತ್ತಿದ್ದಾರೆಂದು ಬೆರಳಿಟ್ಟು ತೋರಿಸಲು ಹೇಳಿದರೆ ಸಾಕು. ಕಾವೇರಿಯ ವಿಚಾರದಲ್ಲಿ ಮೇಲಿನವರಾಗಿಯೂ, ಕೃಷ್ಣೆಯ ವಿಚಾರದಲ್ಲಿ ಮಹಾರಾಷ್ಟ್ರಕ್ಕೆ ಕೆಳಗಿನವರಾಗಿಯೂ ಇರುವ ಕರ್ನಾಟಕದ ಮೂಲದ ಮನೆಗಳಲ್ಲಿ ಈ ಆಟವನ್ನು ಎರಡೂ ಕಡೆಯಿಂದ ಆಡಬಲ್ಲವರು ಇದ್ದಾರೆ.

2016ರ ಬೇಸಗೆಯ ಸಂಗತಿಯೊಂದನ್ನು ಇದೇ ಪಾಠದಲ್ಲಿ ಸೇರಿಸಬಹುದು. ಆ ವರ್ಷ ಏಪ್ರಿಲ್ 12ರಂದು ಮಿರಜದಿಂದ ಹೊರಟ ರೈಲೊಂದು ಹತ್ತು ಟ್ಯಾಂಕರುಗಳಲ್ಲಿ ಐದು ಲಕ್ಷ ಲೀಟರು ಕುಡಿಯುವ ನೀರನ್ನು ಹೊತ್ತು ಲಾತೂರನ್ನು ಮುಟ್ಟಿತು. ಮಿರಜ ಕೃಷ್ಣೆಯ ಕೊಳ್ಳದ್ದು. ಲಾತೂರು ಮಾಂಜ್ರಾ ನದಿಯ, ತನ್ಮೂಲಕ ಗೋದಾವರಿಯ ಕೊಳ್ಳದ್ದು. ಕೃಷ್ಣೆಯ ನೀರು ಹಳಿಯ ಮೇಲೆ ಗೋದಾವರಿಯ ನಾಡಿಗೆ ಹೋಯಿತು. ಎರಡು ಕೊಳ್ಳಗಳ ನಡುವಣ ದಿಣ್ಣೆ ಎಲ್ಲಿದೆಯೆಂದು ಹುಡುಕಲು ಇದಕ್ಕಿಂತ ಬೇರೆ ನೆಪ ಬೇಕೆ?

ನಕಾಶೆ ಮತ್ತು ಆರೋಗ್ಯ

ಭೂಗೋಳವು ಆರೋಗ್ಯಕ್ಕೆ ಸಂಬಂಧಿಸಿದ್ದಲ್ಲವೆಂದು ತಿಳಿಯುವವರು 1854ರ ಲಂಡನ್ನಿನ ಕಥೆಯನ್ನು ಕೇಳಬೇಕು. ಸೋಹೊ ಎಂಬ ಮೊಹಲ್ಲಾದಲ್ಲಿ ಕಾಲರಾ ಹಬ್ಬಿ ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂಬುದು ಅಂದಿನ ವೈದ್ಯರ ನಂಬಿಕೆ. ಡಾ. ಜಾನ್ ಸ್ನೋ ಸಾವಿನ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಅವೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ನೆರೆದಿರುವುದನ್ನು ಕಂಡರು. ಅವರ ಮಾತಿನ ಮೇಲೆ ಪಂಪಿನ ಹಿಡಿಯನ್ನು ಕಳಚಿಸಲಾಯಿತು. ಆ ಮನೆಗಳನ್ನು ಗುರುತಿಸಿ ಸ್ನೋ ಅಚ್ಚು ಹಾಕಿಸಿದ ನಕಾಶೆ ಇಂದಿಗೂ ವೈದ್ಯ ವಿದ್ಯಾರ್ಥಿಗಳ ಪಾಠದಲ್ಲಿದೆ. ಆಗ ಕಾಲರಾದ ಕ್ರಿಮಿಯ ವಿಷಯವನ್ನು ವೈದ್ಯಲೋಕ ಅರಿತಿರಲಿಲ್ಲ.

ಎಂಟನೆಯ ತರಗತಿಯ ಮಕ್ಕಳು ತಮ್ಮ ಬಡಾವಣೆಗೆ ಇಂಥದೇ ನಕಾಶೆ ಮಾಡಬಹುದು. ಮಳೆಗಾಲದಲ್ಲಿ ನೀರು ನಿಲ್ಲುವ ಗುಂಡಿ, ಮುಚ್ಚಳವಿಲ್ಲದ ಟಾಕಿ, ಎಸೆದ ಟಯರು, ಕೊಳವೆ ಒಡೆದ ಸ್ಥಳ, ಅದರ ಪಕ್ಕದ ಚರಂಡಿ, ಇವಿಷ್ಟನ್ನು ಗುರುತಿಸಿದರೆ ಡೆಂಗ್ಯೂ ಜ್ವರದ ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಹೊಟ್ಟೆಯ ರೋಗ ಎಲ್ಲಿಂದ ಬರುತ್ತದೆ ಎಂಬುದು ಕಾಣುತ್ತದೆ. ನಲ್ಲಿಯ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಜನ ನೀರು ಕೂಡಿಡುತ್ತಾರೆ; ಕೂಡಿಟ್ಟ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ನದಿಯ ಹಂಚಿಕೆಗೂ ಮಗುವಿನ ಜ್ವರಕ್ಕೂ ನಡುವೆ ಇರುವುದು ಇಷ್ಟೇ ದೂರ. ಕಲ್ಲಿನ ಜಾತಿಯೂ ಹಲ್ಲಿನ ಮೇಲೆ ಬರೆಯುತ್ತದೆ. ಬಾವಿ ಬತ್ತಿ ಆಳದ ಕೊಳವೆಬಾವಿಯ ನೀರನ್ನು ನಂಬಿದ ಕಡೆ ಫ್ಲೋರೈಡಿನ ಅಂಶ ಹೆಚ್ಚಾಗಿ ಮಕ್ಕಳ ಹಲ್ಲು ಕಂದುಗಟ್ಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 1.5 ಮಿಲಿಗ್ರಾಮು. ಕೊಪ್ಪಳ, ರಾಯಚೂರು ಕಡೆಯ ಗ್ರಾಮಗಳಿಗೆ ಹೋಗಿಬರುವವರು ಇದನ್ನು ನೋಡಿರುತ್ತಾರೆ. ಹಿಮಾಲಯದ ತಪ್ಪಲಿನಲ್ಲಿ ಮಣ್ಣಿನ ಅಯೋಡಿನ್ ತೊಳೆದುಹೋಗಿ ಗಳಗಂಡ ಹಬ್ಬಿದ್ದೂ ಇಂಥದೇ ಪಾಠ.

ಮನೆಯ ನಕಾಶೆ

ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಎರಡು ನದಿಗಳಿಂದ ಗುರುತಿಸುತ್ತದೆ: ದಕ್ಷಿಣಕ್ಕೆ ಕಾವೇರಿ, ಉತ್ತರಕ್ಕೆ ಗೋದಾವರಿ. ಇದನ್ನು ಜಂಬ ಕೊಚ್ಚಿಕೊಳ್ಳಲು ಬಳಸುವವರೇ ಹೆಚ್ಚು. ಆದರೆ ಮಗುವಿಗೆ ಇದು ಒಂದು ಒಳ್ಳೆಯ ನಕಾಶೆಯ ಅಭ್ಯಾಸ. ಅಜ್ಜನ ಊರು ಯಾವ ನದಿಯ ಕೊಳ್ಳದಲ್ಲಿದೆ, ತನ್ನ ಶಾಲೆ ಯಾವುದರಲ್ಲಿದೆ, ನಡುವೆ ಎಷ್ಟು ನದಿಗಳನ್ನು ದಾಟಬೇಕು? ರೈಲಿನಲ್ಲಿ ಬರುವಾಗ ಸೇತುವೆಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ವೇರೂಳದ ಕೈಲಾಸ ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ಬಾದಾಮಿಯ ಗುಹೆಗಳು ಕೆಂಪು ಮರಳುಗಲ್ಲಿನವು. ವೇರೂಳದವು ಕರಿಯ ಬಸಾಲ್ಟಿನವು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಪದರಗಳು. ವಿಜಯಪುರದ ಎರೆಮಣ್ಣೂ ಇದೇ ಕಲ್ಲು ಸವೆದು ಆದದ್ದು. ಎರಡೂ ಕಡೆಯ ಗುಹೆಗಳನ್ನು ಕಂಡ ಮಗು ಗೋಡೆಯನ್ನು ಮುಟ್ಟಿ ನೋಡಲಿ.

ಅಜ್ಜನ ಹಳೆಯ ಅಟ್ಲಾಸು ಮನೆಯಲ್ಲಿ ಉಳಿದಿದ್ದರೆ ಅದನ್ನು ರದ್ದಿಗೆ ಹಾಕಬಾರದು. 1956ರ ನವೆಂಬರ್ 1ಕ್ಕೆ ಮೊದಲಿನ ನಕಾಶೆಯಲ್ಲಿ ನಾಸಿಕವೂ ಧಾರವಾಡವೂ ಮುಂಬಯಿ ರಾಜ್ಯದಲ್ಲಿದ್ದವು. ಔರಂಗಾಬಾದವೂ ಗುಲಬರ್ಗಾವೂ ಹೈದರಾಬಾದ್ ರಾಜ್ಯದಲ್ಲಿದ್ದವು. ಗುಲಬರ್ಗಾ 2014ರಲ್ಲಿ ಕಲಬುರಗಿಯಾಯಿತು, ಔರಂಗಾಬಾದ 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ಅದಕ್ಕೂ ಹಿಂದೆ, 1610ರಲ್ಲಿ ಮಲಿಕ್ ಅಂಬರನು ನೆಲೆಗೊಳಿಸಿದಾಗ ಅದರ ಹೆಸರು ಖಡಕಿ. ಮರಾಠಿಯ ‘ಖಡಕ’ ಎಂದರೆ ಬಂಡೆ. ಹೆಸರುಗಳು, ಗಡಿಗಳು ಬದಲಾದುವು. ನದಿ ಹರಿಯುವ ದಿಕ್ಕು ಹಾಗೆಯೇ ಇದೆ.

ಉಪಕರಣಗಳಿಗೆ ಹಣವಿಲ್ಲವೆಂಬ ಮಾತು ಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಒಂದು ನೆಟ್ಟನೆಯ ಕೋಲು ಮತ್ತು ಒಂದು ಗಡಿಯಾರದಿಂದ ಆಗುವ ಪಾಠ ಎಷ್ಟೋ ಇವೆ. ಎರಡು ನಗರಗಳೂ ಹೆಚ್ಚುಕಡಿಮೆ 20 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿವೆ. ಆದುದರಿಂದ ಮೇ 20ರ ಸುಮಾರಿಗೆ ನಡುಹಗಲಿನಲ್ಲಿ ಎರಡೂ ಕಡೆ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ, ಕೋಲಿನ ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಸಂಭಾಜಿನಗರದಲ್ಲಿ ಇದಾಗುವುದು ಸುಮಾರು 12 ಗಂಟೆ 25 ನಿಮಿಷಕ್ಕೆ. ನಾಸಿಕದಲ್ಲಿ 12 ಗಂಟೆ 31ಕ್ಕೆ. ಎರಡು ಊರುಗಳ ನಡುವೆ ರೇಖಾಂಶದಲ್ಲಿ ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚಿನ ಅಂತರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಆರು ನಿಮಿಷ. ಎರಡೂ ಊರಿನ ಮಕ್ಕಳು ದೂರವಾಣಿಯಲ್ಲಿ ಮಾತನಾಡಿಕೊಂಡು ಈ ಆರು ನಿಮಿಷವನ್ನು ಹಿಡಿಯಬಹುದು. ಜುಲೈ ಕೊನೆಯ ವಾರದಲ್ಲಿಯೂ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ, ಆದರೆ ಆಗ ಮೋಡ. ಮೇ ತಿಂಗಳಲ್ಲಿ ಮೋಡವಿಲ್ಲ, ಆದರೆ ಶಾಲೆಗೆ ರಜೆ!

ರಜೆಯಾದರೂ ಚಿಂತೆಯಿಲ್ಲ. ಮೇ ತಿಂಗಳ ಆರಂಭದಲ್ಲಿ ಮಕ್ಕಳು ಧಾರವಾಡದ ಅಜ್ಜಿಯ ಮನೆಗೆ ಹೋಗಿರುತ್ತಾರೆ. ಅಲ್ಲಿ ನೆರಳು ಅಡಗುವುದು ಮೇ 2 ಅಥವಾ 3ರಂದು, ಹನ್ನೆರಡೂವರೆಗೆ ಎರಡು ಮೂರು ನಿಮಿಷ ಮೊದಲು. ಅಂಗಳದಲ್ಲಿ ಒನಕೆಯನ್ನು ನೆಟ್ಟು ನೋಡಿ ದಿನಾಂಕವನ್ನು ಬರೆದುಕೊಂಡು, ಮೇ 20ರೊಳಗೆ ನಾಸಿಕಕ್ಕೆ ಮರಳಿದರೆ ಅದೇ ಮಗು ಅದೇ ವರ್ಷ ಎರಡನೆಯ ಬಾರಿ ತನ್ನ ನೆರಳನ್ನು ತಾನೇ ತುಳಿದು ನಿಲ್ಲಬಹುದು. ನಡುವಣ ಅಕ್ಷಾಂಶದ ಅಂತರ ನಾಲ್ಕೂವರೆ ಡಿಗ್ರಿ, ಅಂದರೆ ಸುಮಾರು 500 ಕಿ.ಮೀ.; ದಿನಗಳು ಹದಿನೇಳು ಹದಿನೆಂಟು. ಸೂರ್ಯನು ನೆತ್ತಿಯ ಮೇಲಿರುವ ಗೆರೆ ಧಾರವಾಡದಿಂದ ನಾಸಿಕದ ಕಡೆಗೆ ದಿನಕ್ಕೆ ಮೂವತ್ತು ಕಿಲೋಮೀಟರಿನಷ್ಟು ನಡೆದು ಬಂದಿರುತ್ತದೆ. ಅದರ ಹಿಂದೆಯೇ, ಎರಡು ಮೂರು ವಾರ ತಡವಾಗಿ, ಮೃಗಶಿರಾ ಮಳೆ.